ಕಂಡದ್ದು ಮತ್ತು ಊಹಿಸಿದ್ದು: ಹೆಲೆನ್ ಲೆವಿಟ್ ಅವರ ಬೀದಿ ಛಾಯಾಚಿತ್ರಗಳ ನೆರವಿನಿಂದ ಒಂದು ‘ಬೆಳಕು’ ಪಾಠ

ಪೀಠಿಕೆ

ವಿಜ್ಞಾನ ಬೋಧನಾ ವಿಧಾನದಲ್ಲಿ ಪ್ರಕ್ರಿಯಾ ಕೌಶಲಗಳ ಪಟ್ಟಿ ಓದುವಾಗ ಮೊದಲು ಸಿಗುವುದು ವೀಕ್ಷಣೆ. ಪಾಠ ಯೋಜನೆ ಬರೆಯುವಾಗಲೂ ‘ವಿದ್ಯಾರ್ಥಿಗಳು ವೀಕ್ಷಿಸುತ್ತಾರೆ’ ಎಂಬ ಎರಡು ಪದಗಳನ್ನು ನಾವೆಲ್ಲರೂ ಬರೆಯುತ್ತೇವೆ. ಆದರೆ ವೀಕ್ಷಿಸುವುದನ್ನು ಕಲಿಸಬೇಕು ಎಂದು ಹೊರಟರೆ ಆ ಎರಡು ಪದಗಳು ಸಾಲುವುದಿಲ್ಲ. ಮಗು ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಿ ಹೇಳುತ್ತದೆ. ನಾವೂ ಹಾಗೆಯೇ ಮಾಡುತ್ತೇವೆ. ಇಂಟರ್ನ್‌ಶಿಪ್ ಅವಧಿಯಲ್ಲಿ ನಾವು ತುಂಬುವ ವಿದ್ಯಾರ್ಥಿ ಅವಲೋಕನ ದಾಖಲೆಯಲ್ಲಿ ‘ಚಂಚಲ’, ‘ನಿಧಾನಗತಿ’, ‘ಆಸಕ್ತಿ ಇಲ್ಲ’ ಎಂಬ ಮಾತುಗಳು ವೀಕ್ಷಣೆಯ ಕಾಲಮ್ಮಿನಲ್ಲೇ ಕುಳಿತಿರುತ್ತವೆ. ಅವು ವೀಕ್ಷಣೆಗಳಲ್ಲ, ತೀರ್ಮಾನಗಳು.

ಈ ವ್ಯತ್ಯಾಸವನ್ನು ಎಂಟನೇ ತರಗತಿಯ ‘ಬೆಳಕು’ ಘಟಕದ ಮೂಲಕ ಮಕ್ಕಳಿಗೆ ತಲುಪಿಸಲು ನಾನು ಮಾಡಿದ ಎರಡು ಅವಧಿಗಳ ಪಾಠವನ್ನೂ, ಅದರಿಂದ ಮುಂದುವರಿದ ಒಂದು ಅವಲೋಕನವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಪಾಠಕ್ಕೆ ಆಧಾರವಾಗಿ ಬಳಸಿದ್ದು ಅಮೆರಿಕದ ಬೀದಿ ಛಾಯಾಗ್ರಾಹಕಿ ಹೆಲೆನ್ ಲೆವಿಟ್ ಅವರ ಚಿತ್ರಗಳನ್ನು ಮತ್ತು ಅವರು ಕೆಲಸ ಮಾಡಿದ ರೀತಿಯನ್ನು. ವಿಜ್ಞಾನದ ಪಾಠಕ್ಕೆ ಛಾಯಾಗ್ರಾಹಕಿ ಏಕೆ ಎಂಬ ಪ್ರಶ್ನೆಗೆ ಉತ್ತರ ಮುಂದೆ ಪಾಠದಲ್ಲೇ ಸಿಗುತ್ತದೆ. ಮೊದಲು ಅವರ ಪರಿಚಯ.

ಹೆಲೆನ್ ಲೆವಿಟ್: ಸೀಮೆಸುಣ್ಣದಿಂದ ಕ್ಯಾಮೆರಾದತ್ತ

ಹೆಲೆನ್ ಲೆವಿಟ್ ಹುಟ್ಟಿದ್ದು 1913ರಲ್ಲಿ, ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ. ಪ್ರೌಢಶಾಲೆಯನ್ನು ಪೂರ್ತಿ ಮಾಡದೆ ಬಿಟ್ಟು, ಬ್ರಾಂಕ್ಸ್‌ನ ಒಬ್ಬ ಭಾವಚಿತ್ರ ಛಾಯಾಗ್ರಾಹಕರ ಬಳಿ ಕೆಲಸಕ್ಕೆ ಸೇರಿ, ಅಲ್ಲಿ ಡಾರ್ಕ್‌ರೂಮ್ ಕೆಲಸ ಕಲಿತರು. 1935ರಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ ನ್ಯೂಯಾರ್ಕಿನಲ್ಲಿದ್ದಾಗ ಅವರ ಪರಿಚಯವಾಯಿತು. ಮರುವರ್ಷ ಒಂದು ಹಳೆಯ ಲೈಕಾ ಕ್ಯಾಮೆರಾ ಕೊಂಡರು. ಲೈಕಾ ಕೈಯಲ್ಲಿ ಹಿಡಿದು ನಡೆಯಬಹುದಾದ, 35 ಮಿಲಿಮೀಟರ್ ಫಿಲ್ಮ್ ಬಳಸುವ ಸಣ್ಣ ಕ್ಯಾಮೆರಾ. ಮೂರು ಕಾಲಿನ ಸ್ಟ್ಯಾಂಡ್, ಕರಿಬಟ್ಟೆ, ‘ಅಲುಗಾಡಬೇಡಿ’ ಎಂಬ ಸೂಚನೆ ಯಾವುದೂ ಇಲ್ಲದೆ ಜನರ ನಡುವೆ ಹೋಗಿ ಚಿತ್ರ ತೆಗೆಯಲು ಇಂಥ ಕ್ಯಾಮೆರಾಗಳಿಂದ ಸಾಧ್ಯವಾಯಿತು.

ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಅವರ ಬದುಕಿನಲ್ಲಿ ಮುಖ್ಯವಾದ ವರ್ಷ 1937. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಕಲಾವಿದರಿಗೆ ಕೆಲಸ ಒದಗಿಸಲು ಅಮೆರಿಕದ ಸರ್ಕಾರ ನಡೆಸುತ್ತಿದ್ದ ಫೆಡರಲ್ ಆರ್ಟ್ ಪ್ರಾಜೆಕ್ಟ್ ಅಡಿಯಲ್ಲಿ ಲೆವಿಟ್ ಮಕ್ಕಳಿಗೆ ಚಿತ್ರಕಲೆ ಕಲಿಸಿದರು. ಆಗ ಅವರ ಕಣ್ಣು ಹೋದದ್ದು ಮಕ್ಕಳು ತರಗತಿಯ ಹೊರಗೆ, ಬೀದಿಯಲ್ಲಿ, ಸೀಮೆಸುಣ್ಣದಲ್ಲಿ ಬರೆದ ಚಿತ್ರಗಳ ಕಡೆಗೆ. ಕಾಲುದಾರಿ, ಗೋಡೆ, ಬಾಗಿಲು ಎಲ್ಲವೂ ಆ ಮಕ್ಕಳಿಗೆ ಕಪ್ಪುಹಲಗೆಯಾಗಿತ್ತು. ಒಂದು ಚಿತ್ರದಲ್ಲಿ ಗೋಡೆಯ ಮೇಲೆ ಒಂದು ವೃತ್ತವಿದೆ. ಅದು ರಹಸ್ಯ ದಾರಿಯ ಗುಂಡಿ, ಒತ್ತಿ ಎಂದು ಯಾವುದೋ ಮಗು ಬರೆದಿದೆ. ಲೆವಿಟ್ ಇಂಥವುಗಳ ಚಿತ್ರ ತೆಗೆದರು. ಅವನ್ನು ಬರೆಯುತ್ತಿದ್ದ, ಅವುಗಳ ಸುತ್ತ ಆಡುತ್ತಿದ್ದ ಮಕ್ಕಳ ಚಿತ್ರಗಳನ್ನೂ ತೆಗೆದರು. ಶಿಕ್ಷಕಿಯ ಕೈಯ ಸೀಮೆಸುಣ್ಣ ಮಗುವಿನ ಕೈಗೆ ಹೋದಾಗ ಏನಾಗುತ್ತದೆ ಎಂಬ ಕುತೂಹಲದಿಂದಲೇ ಅವರ ಬೀದಿ ಚಿತ್ರಗಳ ಮುಖ್ಯ ಭಾಗ ಬೆಳೆಯಿತು ಎನ್ನಬಹುದು.

ಮುಂದಿನ ವರ್ಷಗಳಲ್ಲಿ ಈಸ್ಟ್ ಹಾರ್ಲೆಮ್ ಮುಂತಾದ ಬಡ, ಕಾರ್ಮಿಕ ಜನರ ಬಡಾವಣೆಗಳಲ್ಲಿ ಅವರು ಓಡಾಡಿದರು. ಮನೆಗಳು ಇಕ್ಕಟ್ಟು, ಬೇಸಿಗೆ ಸೆಖೆ, ಟೆಲಿವಿಷನ್ ಇನ್ನೂ ಮನೆ ಹೊಕ್ಕಿರಲಿಲ್ಲ. ಹಾಗಾಗಿ ಬದುಕು ಮೆಟ್ಟಿಲು ಮತ್ತು ಬೀದಿಗೆ ಇಳಿದಿತ್ತು. 1943ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ಜಾನಿಸ್ ಲೋಬ್ ಮತ್ತು ಲೇಖಕ ಜೇಮ್ಸ್ ಏಜಿ ಜೊತೆ ಸೇರಿ ‘ಇನ್ ದ ಸ್ಟ್ರೀಟ್’ ಎಂಬ ಕಿರುಚಿತ್ರವನ್ನೂ ಮಾಡಿದರು. 1959 ಮತ್ತು 1960ರಲ್ಲಿ ದೊರೆತ ಗುಗೆನ್‌ಹೈಮ್ ಫೆಲೋಶಿಪ್‌ಗಳ ನೆರವಿನಿಂದ ಅದೇ ಬೀದಿಗಳನ್ನು ಬಣ್ಣದಲ್ಲಿ ಸೆರೆಹಿಡಿದರು. 1970ರಲ್ಲಿ ಮನೆಗೆ ಕಳ್ಳರು ನುಗ್ಗಿ ಆ ಬಣ್ಣದ ಚಿತ್ರಗಳಲ್ಲಿ ಹೆಚ್ಚಿನವನ್ನು ಒಯ್ದ ಮೇಲೂ ಅವರು ಮತ್ತೆ ಬೀದಿಗೆ ಹೋಗಿ ಹೊಸದಾಗಿ ತೆಗೆದರು. 2009ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ವಿಧಾನದ ನಾಲ್ಕು ಅಂಶಗಳು

ಲೆವಿಟ್ ಅವರ ಚಿತ್ರಗಳನ್ನು ಪಾಠಕ್ಕಾಗಿ ಮತ್ತೆ ಮತ್ತೆ ನೋಡಿದಾಗ, ಬೋಧನೆಗೆ ಹೊಂದುವ ನಾಲ್ಕು ಅಂಶಗಳು ನನಗೆ ಕಂಡವು.

ಒಂದು, ಅವರು ಜನರಿದ್ದಲ್ಲಿಗೆ ಹೋದರು. ಜನರನ್ನು ತಮ್ಮ ಸ್ಟುಡಿಯೋಗೆ ಕರೆಸಿ ಕೂರಿಸಲಿಲ್ಲ. ಎರಡು, ನಗರದ ಎತ್ತರದ ಕಟ್ಟಡಗಳು ಅವರಿಗೆ ಮುಖ್ಯವಾಗಲಿಲ್ಲ. ಚಿತ್ರದಲ್ಲಿ ಜಾಗ ಪಡೆದದ್ದು ಮನುಷ್ಯರ ಮೈಯ ಭಾಷೆ: ಬಾಗಿದ ಬೆನ್ನು, ಚಾಚಿದ ಕೈ, ಯಾರದೋ ಹೆಗಲಿಗೆ ಒರಗಿದ ತಲೆ. ಮೂರು, ಬಡತನ ತೋರಿಸುವ ಸಾಕ್ಷಿಯಾಗಿ ಅವರು ಮಕ್ಕಳನ್ನು ಬಳಸಲಿಲ್ಲ. ಗೋಡೆಯ ಗಾರೆ ಕಿತ್ತಿರುವುದು ಚಿತ್ರದಲ್ಲಿ ಕಾಣುತ್ತದೆ. ಆದರೆ ಮಗು ಅಲ್ಲಿ ರಾಜನೋ ದರೋಡೆಕೋರನೋ ಆಗಿ ಆಟದಲ್ಲಿ ಮುಳುಗಿದೆ, ನಮ್ಮ ಕನಿಕರ ಅದಕ್ಕೆ ಬೇಕಿಲ್ಲ. ನಾಲ್ಕು, ಚಿತ್ರಗಳಿಗೆ ಅವರು ಕಥೆ ಕಟ್ಟಲಿಲ್ಲ. ಹೆಚ್ಚಿನವುಗಳ ಶೀರ್ಷಿಕೆ ಬರೀ ‘ನ್ಯೂಯಾರ್ಕ್’ ಮತ್ತು ಸುಮಾರು ಇಸವಿ. ಈ ಹುಡುಗ ಯಾರು, ಏಕೆ ಅಳುತ್ತಿದ್ದಾನೆ, ಮುಂದೇನಾಯಿತು ಎಂಬುದನ್ನು ಅವರು ಬರೆಯುವುದಿಲ್ಲ. ನೋಡುವವರು ಚಿತ್ರಕ್ಕೇ ಹಿಂತಿರುಗಬೇಕು.

ಈ ನಾಲ್ಕನೆಯ ಅಂಶವೇ ವಿಜ್ಞಾನದ ವೀಕ್ಷಣೆಗೆ ಹತ್ತಿರದ್ದು. ಹಣೆಪಟ್ಟಿ ಇಲ್ಲದ ಚಿತ್ರ ನಮ್ಮ ಊಹೆಯನ್ನು ಊಹೆ ಎಂದೇ ತೋರಿಸಿಕೊಡುತ್ತದೆ.

ಪಾಠ ಯೋಜನೆಯ ಸಾರ

ತರಗತಿ: 8. ವಿಷಯ: ವಿಜ್ಞಾನ. ಘಟಕ: ಬೆಳಕು. ಉಪಘಟಕ: ಪ್ರತಿಫಲನದ ನಿಯಮಗಳು, ನಿಯತ ಮತ್ತು ಚದುರಿದ ಪ್ರತಿಫಲನ. ಅವಧಿ: 40 ನಿಮಿಷಗಳ ಎರಡು ಅವಧಿಗಳು. ಹಾಜರಾದ ವಿದ್ಯಾರ್ಥಿಗಳು: 34.

ಕಲಿಕಾ ಫಲಗಳು: ವಿದ್ಯಾರ್ಥಿಗಳು (ಅ) ಪತನ ಕೋನ ಮತ್ತು ಪ್ರತಿಫಲನ ಕೋನ ಸಮ ಎಂಬುದನ್ನು ಬಳಸಿ ಒಂದು ಉಪಕರಣ ತಯಾರಿಸುತ್ತಾರೆ; (ಆ) ಕನ್ನಡಿಯಲ್ಲಿ ಕಂಡ ಬಿಂಬವನ್ನೂ ನೇರವಾಗಿ ಕಂಡ ವಸ್ತುವನ್ನೂ ಕಾರಣ ಕೊಟ್ಟು ಬೇರ್ಪಡಿಸುತ್ತಾರೆ; (ಇ) ತಾವು ಕಂಡದ್ದನ್ನೂ ಊಹಿಸಿದ್ದನ್ನೂ ಎರಡು ಕಾಲಮ್ಮುಗಳಲ್ಲಿ ಬೇರೆ ಬೇರೆ ದಾಖಲಿಸುತ್ತಾರೆ.

ಬೋಧನೋಪಕರಣಗಳು: ಲೆವಿಟ್ ಅವರ ಒಂದು ಚಿತ್ರದ ಮುದ್ರಿತ ಪ್ರತಿಗಳು (ಗುಂಪಿಗೊಂದು), ಗಾಜು ತೆಗೆದ ಫೋಟೋ ಚೌಕಟ್ಟು, ಅದೇ ಅಳತೆಯ ಸಮತಲ ಕನ್ನಡಿ, ಅಂಚಿಗೆ ಟೇಪ್ ಸುತ್ತಿದ ಸಣ್ಣ ಕನ್ನಡಿ ಪಟ್ಟಿಗಳು, ಖಾಲಿ ಟೂತ್‌ಪೇಸ್ಟ್ ಡಬ್ಬಿಗಳು, ಕೋನಮಾಪಕ, ಕತ್ತರಿ, ಗೋಂದು.

ಮೊದಲ ಅವಧಿ: ಕನ್ನಡಿಯೋ, ಬರೀ ಚೌಕಟ್ಟೋ?

ಆರಿಸಿಕೊಂಡ ಚಿತ್ರ 1940ರ ಸುಮಾರಿನದು. ನ್ಯೂಯಾರ್ಕಿನ ಬೀದಿಯಲ್ಲಿ ಇಬ್ಬರು ಹುಡುಗರು ಒಂದು ದೊಡ್ಡ ಕನ್ನಡಿಯ ಚೌಕಟ್ಟನ್ನು ನೆಟ್ಟಗೆ ಹಿಡಿದು ನಿಂತಿದ್ದಾರೆ. ಚೌಕಟ್ಟಿನೊಳಗೆ ಸೈಕಲ್ಲಿನ ಮೇಲೆ ಕುಳಿತ ಪುಟ್ಟ ಹುಡುಗನೊಬ್ಬ ಕಾಣುತ್ತಾನೆ. ಬದಿಯಲ್ಲಿ ಕೆಲವು ಹುಡುಗರು ರಸ್ತೆಯಂಚಿಗೆ ಬಾಗಿ ಏನನ್ನೋ ನೋಡುತ್ತಿದ್ದಾರೆ. ಹಿಂದೆ ದೊಡ್ಡವರು ತಮ್ಮ ಪಾಡಿಗೆ ತಾವಿದ್ದಾರೆ.

ಚಿತ್ರದ ಬಗ್ಗೆ ಏನೂ ಹೇಳದೆ ಪ್ರತಿಗಳನ್ನು ಹಂಚಿ, ಎರಡು ನಿಮಿಷ ಸುಮ್ಮನೆ ನೋಡಲು ಹೇಳಿದೆ. ನಂತರ ಒಂದೇ ಪ್ರಶ್ನೆ: “ಸೈಕಲ್ ಮೇಲಿರೋ ಹುಡುಗ ಎಲ್ಲಿದ್ದಾನೆ?”

“ಕನ್ನಡಿಯೊಳಗೆ” ಎಂದು ಬಹುಮಂದಿ ಹೇಳಿದರು. “ಅಂದ್ರೆ ಅವನು ನಿಜವಾಗಿ ನಿಂತಿರೋದು ಎಲ್ಲಿ?” ಎಂದಾಗ ತರಗತಿ ಎರಡು ಪಾಲಾಯಿತು. ಅವನು ಫೋಟೋ ತೆಗೆದವರ ಪಕ್ಕ, ಅಂದರೆ ಕನ್ನಡಿಯ ಎದುರಿಗೆ ಇದ್ದಾನೆ ಎಂದು ಒಂದು ಗುಂಪು. ಅವನು ಚೌಕಟ್ಟಿನ ಹಿಂದೆ ಇದ್ದಾನೆ, ಗಾಜೇ ಇಲ್ಲ ಎಂದು ಇನ್ನೊಂದು ಗುಂಪು. ಯಾರು ಸರಿ ಎಂದು ನಾನು ಹೇಳಲಿಲ್ಲ. “ಗೊತ್ತು ಮಾಡ್ಕೊಳ್ಳೋದು ಹೇಗೆ?” ಎಂದಷ್ಟೇ ಕೇಳಿ, ಖಾಲಿ ಚೌಕಟ್ಟನ್ನೂ ಕನ್ನಡಿಯನ್ನೂ ಮೇಜಿನ ಮೇಲೆ ಇಟ್ಟೆ.

ಮಕ್ಕಳು ತಾವೇ ಪರೀಕ್ಷೆಗಳನ್ನು ಹುಡುಕಿಕೊಂಡರು. ಖಾಲಿ ಚೌಕಟ್ಟಿನ ಹಿಂದೆ ಒಂದು ಬೆಂಚು ಇಟ್ಟರೆ, ಬೆಂಚಿನ ಅಂಚು ಚೌಕಟ್ಟಿನ ಹೊರಗೂ ಒಳಗೂ ಒಂದೇ ಗೆರೆಯಾಗಿ ಮುಂದುವರಿಯುತ್ತದೆ. ಅದೇ ಜಾಗದಲ್ಲಿ ಕನ್ನಡಿ ಹಿಡಿದರೆ ಗೆರೆ ತುಂಡಾಗಿ, ಒಳಗೆ ಈಚೆಗಿನ ಗೋಡೆ ಕಾಣುತ್ತದೆ. ಕನ್ನಡಿಯಲ್ಲಿ ಅಕ್ಷರಗಳು ಎಡಬಲ ಅದಲುಬದಲಾಗುತ್ತವೆ, ಚೌಕಟ್ಟಿನಲ್ಲಿ ಆಗುವುದಿಲ್ಲ. ಮಧ್ಯದ ಸಾಲಿನ ಒಬ್ಬ ಹುಡುಗಿ ಮತ್ತೆ ಚಿತ್ರ ನೋಡಿ, “ಮಿಸ್, ಈ ಕಡೆ ಹುಡುಗ್ರು ಬಗ್ಗಿ ನೋಡ್ತಿರೋದು ಗಾಜಿನ ಚೂರೇ ಇರ್ಬೇಕು. ಅದಕ್ಕೇ ಚೌಕಟ್ಟು ಖಾಲಿ” ಎಂದಳು. ಇಡೀ ಚಿತ್ರ ಆ ಒಂದು ಮಾತಿಗೆ ಜೋಡಣೆಯಾಯಿತು. ಅದುವರೆಗೆ ಬದಿಯ ಹುಡುಗರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇಲ್ಲಿಯೇ ಎರಡು ಕಾಲಮ್ಮಿನ ಪಟ್ಟಿಯನ್ನು ಹಲಗೆಯ ಮೇಲೆ ಬರೆದೆ. ‘ಹುಡುಗರು ಬಾಗಿದ್ದಾರೆ’ ಎಂಬುದು ಕಂಡದ್ದು. ‘ಗಾಜಿನ ಚೂರು ಹೆಕ್ಕುತ್ತಿದ್ದಾರೆ’ ಎಂಬುದು ಊಹಿಸಿದ್ದು, ಆದರೆ ಆಧಾರವಿರುವ ಊಹೆ. ‘ಅವರೇ ಕನ್ನಡಿ ಒಡೆದಿದ್ದಾರೆ’ ಎಂದು ಒಬ್ಬ ಹೇಳಿದ. ಅದಕ್ಕೆ ಚಿತ್ರದಲ್ಲಿ ಆಧಾರವೇನು ಎಂದು ಉಳಿದವರೇ ಕೇಳಿದರು. ಹುಡುಕಿದರೂ ಸಿಗಲಿಲ್ಲ. ‘ತುಂಟ ಹುಡುಗರು’ ಎಂಬ ಮಾತನ್ನು ಯಾವ ಕಾಲಮ್ಮಿಗೆ ಹಾಕುವುದು ಎಂಬ ಚರ್ಚೆಯೊಂದಿಗೆ ಅವಧಿ ಮುಗಿಯಿತು.

ಎರಡನೇ ಅವಧಿ: ಪಕ್ಕಕ್ಕೆ ನೋಡುವ ಡಬ್ಬಿ

ಲೆವಿಟ್ ತಮ್ಮ ಕ್ಯಾಮೆರಾಗೆ ಲಂಬಕೋನ ವ್ಯೂಫೈಂಡರ್ ಎಂಬ ಸಣ್ಣ ಸಾಧನವನ್ನು ಜೋಡಿಸಿ ಬಳಸುತ್ತಿದ್ದರು. ಅದು ಬೆಳಕನ್ನು 90 ಡಿಗ್ರಿ ತಿರುಗಿಸಿ ಕಣ್ಣಿಗೆ ತಲುಪಿಸುತ್ತದೆ. ಛಾಯಾಗ್ರಾಹಕಿ ರಸ್ತೆಯ ಉದ್ದಕ್ಕೆ ಮುಖ ಮಾಡಿ ನಿಂತಂತೆ ಕಂಡರೂ, ಕ್ಯಾಮೆರಾದ ಲೆನ್ಸ್ ಪಕ್ಕದ ಮೆಟ್ಟಿಲಿನ ಮೇಲಿರುವವರ ಕಡೆಗೆ ಇರುತ್ತದೆ. ಕ್ಯಾಮೆರಾ ತಮ್ಮತ್ತ ತಿರುಗಿದೆ ಎಂದು ಗೊತ್ತಾದ ಕ್ಷಣವೇ ಜನ ಬಿಗಿಯಾಗುತ್ತಾರೆ. ಈ ಸಾಧನದಿಂದಾಗಿ ಅವರು ತಮ್ಮ ಆಟ, ಮಾತು, ಜಗಳ ಮುಂದುವರಿಸಿದರು.

ಬೆಳಕನ್ನು ಲಂಬವಾಗಿ ತಿರುಗಿಸಬೇಕಾದರೆ ಕನ್ನಡಿಯನ್ನು ಎಷ್ಟು ಓರೆಯಾಗಿ ಇಡಬೇಕು ಎಂಬ ಸಮಸ್ಯೆಯನ್ನು ಗುಂಪುಗಳಿಗೆ ಕೊಟ್ಟೆ. ಪತನ ಕೋನ ಮತ್ತು ಪ್ರತಿಫಲನ ಕೋನ ಸಮವಾಗಿರಬೇಕು, ಎರಡೂ ಸೇರಿ 90 ಆಗಬೇಕು, ಆದ್ದರಿಂದ ತಲಾ 45 ಎಂದು ಏಳು ಗುಂಪುಗಳಲ್ಲಿ ಐದು ಲೆಕ್ಕ ಹಾಕಿ ಹೇಳಿದವು. ಉಳಿದ ಎರಡು ಕನ್ನಡಿಯನ್ನು ತಿರುಗಿಸುತ್ತಾ ಹೋಗಿ, ಕೋನಮಾಪಕದಿಂದ ಅಳೆದು ಅದೇ ಉತ್ತರಕ್ಕೆ ಬಂದವು. ಟೂತ್‌ಪೇಸ್ಟ್ ಡಬ್ಬಿಯ ಒಂದು ತುದಿಯಲ್ಲಿ ಕನ್ನಡಿ ಪಟ್ಟಿಯನ್ನು 45 ಡಿಗ್ರಿಗೆ ಅಂಟಿಸಿ, ಅದರ ಎದುರು ಡಬ್ಬಿಯ ಬದಿಯಲ್ಲಿ ಕಿಂಡಿ ಕತ್ತರಿಸಿದರೆ ಉಪಕರಣ ಸಿದ್ಧ. ಪೆರಿಸ್ಕೋಪಿನಲ್ಲಿ ಎರಡು ಕನ್ನಡಿಗಳಿದ್ದು ಅಕ್ಷರ ನೇರವಾಗಿ ಕಾಣುತ್ತದೆ. ಇಲ್ಲಿ ಒಂದೇ ಕನ್ನಡಿ ಇರುವುದರಿಂದ ಎಡಬಲ ಅದಲುಬದಲಾಗುತ್ತದೆ. ಈ ವ್ಯತ್ಯಾಸವನ್ನು ಮಕ್ಕಳು ಗೋಡೆಯ ಮೇಲಿದ್ದ ಚಾರ್ಟ್ ಓದಲು ಹೋಗಿ ತಾವೇ ಕಂಡುಕೊಂಡರು.

ಹತ್ತು ನಿಮಿಷ ಆವರಣದಲ್ಲಿ ಬಳಸಿ ನೋಡಿ ಬಂದ ಮೇಲೆ, ನೋಡಿದವರ ಅನುಭವಕ್ಕಿಂತ ಮೊದಲು ನೋಡಿಸಿಕೊಂಡವರ ಅನುಭವ ಕೇಳಿದೆ. ಒಬ್ಬ ಹುಡುಗಿ ಎದ್ದು, “ನಂಗೆ ಗೊತ್ತಿಲ್ದೇ ನನ್ನ ನೋಡಿದ್ದು ನಂಗೆ ಇಷ್ಟ ಆಗ್ಲಿಲ್ಲ ಮಿಸ್” ಎಂದಳು. ಇನ್ನೊಬ್ಬ, “ಗೊತ್ತಾದ್ರೆ ನಾವು ಆಟ ಆಡೋದೇ ನಿಲ್ಲಿಸ್ತೀವಲ್ಲ, ಮತ್ತೆ ಹೆಂಗೆ ನೋಡೋದು?” ಎಂದ. ಎರಡೂ ನ್ಯಾಯವಾದ ಮಾತು. ಬೀದಿ ಛಾಯಾಗ್ರಹಣ ಇವತ್ತಿಗೂ ಬಗೆಹರಿಸಿಕೊಳ್ಳಲಾಗದ ಪ್ರಶ್ನೆಯನ್ನು ಎಂಟನೇ ತರಗತಿಯ ಇಬ್ಬರು ಮಕ್ಕಳು ಎರಡು ವಾಕ್ಯಗಳಲ್ಲಿ ಇಟ್ಟಿದ್ದರು. ತರಗತಿ ಒಂದು ಒಪ್ಪಂದಕ್ಕೆ ಬಂತು: ಮನೆಗೆಲಸವಾಗಿ ಮಾಡುವ ವೀಕ್ಷಣೆಯಲ್ಲಿ ಡಬ್ಬಿ ಬೇಡ, ಫೋನ್ ಬೇಡ. ಒಬ್ಬರನ್ನು ಆರಿಸಿ, ಅವರನ್ನು ಕೇಳಿ, ಹತ್ತಿರ ಕೂತು, ಅವರು ನಮ್ಮನ್ನು ಮರೆಯುವವರೆಗೆ ಕಾಯುವುದು. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳುವುದು.

ಮಕ್ಕಳ ದಾಖಲೆಗಳು

ಮರುದಿನ ಬಂದ 29 ದಾಖಲೆಗಳಲ್ಲಿ ಹಲವು ಚಿಕ್ಕವು, ಎರಡು ಮೂರು ಸಾಲಿನವು. ಆದರೂ ಎರಡು ಕಾಲಮ್ಮು ಮಾಡಿದ ಕೆಲಸ ಕಾಣುತ್ತಿತ್ತು. ಒಬ್ಬ ಹುಡುಗ ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರನ್ನು ಗಮನಿಸಿದ್ದ. ಮೊದಲು ‘ಸಿಟ್ಟಿನವರು’ ಎಂದು ಕಂಡದ್ದರ ಕಾಲಮ್ಮಿನಲ್ಲಿ ಬರೆದು, ಹೊಡೆದು ಹಾಕಿ, ಊಹೆಯ ಕಡೆಗೆ ಸಾಗಿಸಿದ್ದ. ಕಂಡದ್ದರ ಜಾಗದಲ್ಲಿ ಹೊಸದಾಗಿ ಬರೆದದ್ದು ಇದು: ಸಾಂಬಾರಿನ ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಬರುತ್ತದೆ, ಆಗ ಹುಬ್ಬು ಗಂಟಾಗುತ್ತದೆ, ಮುಚ್ಚಿದ ಮೇಲೆ ಸರಿಯಾಗುತ್ತದೆ. ಅವರಿಗೆ ಓದಿ ಹೇಳಿದಾಗ ನಕ್ಕರಂತೆ.

ಇನ್ನೊಬ್ಬಳು ತನ್ನ ಅಜ್ಜಿ ಹೂ ಕಟ್ಟುವುದನ್ನು ಬರೆದಿದ್ದಳು. ಅಜ್ಜಿ ಹೂವಿನ ಕಡೆ ನೋಡುವುದೇ ಇಲ್ಲ, ಬೆರಳುಗಳೇ ಎಣಿಸುತ್ತವೆ ಎಂಬುದು ಅವಳ ವೀಕ್ಷಣೆ. ‘ಅಜ್ಜಿಗೆ ಕಣ್ಣು ಕಾಣುವುದು ಕಡಿಮೆ’ ಎಂಬುದನ್ನು ಅವಳು ಊಹೆಯ ಕಾಲಮ್ಮಿನಲ್ಲಿ ಬರೆದು, ಪಕ್ಕದಲ್ಲಿ ‘ಕೇಳಬೇಕು’ ಎಂದು ಸೇರಿಸಿದ್ದಳು. ಊಹೆಯ ಮುಂದಿನ ಹೆಜ್ಜೆ ವಿಚಾರಣೆ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನನ್ನದೇ ಅವಲೋಕನ ದಾಖಲೆಗೆ ಈ ವಿಧಾನ

ಇಂಟರ್ನ್‌ಶಿಪ್ ಆರಂಭದಲ್ಲಿ ತರಗತಿಯ ಮಕ್ಕಳ ಬಗ್ಗೆ ನಮಗೆ ಬಾಯಿಮಾತಿನ ಪರಿಚಯ ಸಿಗುವುದುಂಟು. ಒಬ್ಬ ವಿದ್ಯಾರ್ಥಿಯ ಬಗ್ಗೆ ನನಗೆ ಹೀಗೆ ತಿಳಿದು ಬಂದಿತ್ತು: ಹಿಂದಿನ ಬೆಂಚು, ಹಲಗೆ ನೋಡುವುದಿಲ್ಲ, ಪಕ್ಕದವನದನ್ನು ನಕಲು ಮಾಡುತ್ತಾನೆ. ಅವಲೋಕನ ದಾಖಲೆಗೆ ನಾನು ಅವನನ್ನೇ ಆರಿಸಿಕೊಂಡೆ, ಎರಡು ಕಾಲಮ್ಮಿನ ಪಟ್ಟಿಯನ್ನು ನನ್ನ ಡೈರಿಯಲ್ಲೂ ಹಾಕಿಕೊಂಡೆ. ಸಹಪಾಠಿಯೊಬ್ಬರು ಗಣಿತ ಪಾಠ ಮಾಡುವಾಗ ಹಿಂದೆ ಕುಳಿತು ಬರೆದ ನಮೂದುಗಳು ಹೀಗಿದ್ದವು: ಹಲಗೆ ನೋಡಿದ. ಕುತ್ತಿಗೆ ಬಲಕ್ಕೆ ಬಾಗಿಸಿದ. ಬೆಂಚಿನ ಮೇಲೆ ಸ್ವಲ್ಪ ಎದ್ದ, ಕೂತ. ಪಕ್ಕದವನ ಪುಸ್ತಕ ನೋಡಿ ಬರೆದ. ಹಲಗೆಯ ಬಲ ಅರ್ಧದಲ್ಲಿ ಬರೆದಾಗ ಪಕ್ಕಕ್ಕೆ ನೋಡದೆ ಬರೆದ.

ಕೊನೆಯ ನಮೂದು ನಕಲಿನ ಮಾತಿಗೆ ಹೊಂದುತ್ತಿರಲಿಲ್ಲ. ಮಧ್ಯಾಹ್ನ ತರಗತಿ ಖಾಲಿಯಾದಾಗ ಅವನ ಜಾಗದಲ್ಲಿ ಕುಳಿತು ನೋಡಿದೆ. ಕೋಣೆಯ ಎಡಗೋಡೆಯಲ್ಲಿ, ಹಲಗೆಗೆ ಹತ್ತಿರ ಕಿಟಕಿ ಇದೆ. ಅವನ ಬೆಂಚು ಬಲಸಾಲಿನ ಕೊನೆಯದು. ಹಲಗೆ ಹಳೆಯದು, ಒರೆಸಿ ಒರೆಸಿ ನುಣುಪಾಗಿದೆ. ಅಲ್ಲಿಂದ ಹಲಗೆಯ ಎಡ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಕನ್ನಡದಲ್ಲಿ ನಾವು ಬರೆಯಲು ಶುರು ಮಾಡುವುದೇ ಎಡಗಡೆಯಿಂದ.

ಇದನ್ನು ಮುಂದಿನ ವಿಜ್ಞಾನ ಅವಧಿಯಲ್ಲಿ ಪ್ರಯೋಗವಾಗಿ ಮಾಡಿಸಿದೆ. ಆ ಒಬ್ಬ ಹುಡುಗನತ್ತ ಎಲ್ಲರ ಕಣ್ಣು ತಿರುಗಬಾರದೆಂದು ಪ್ರತಿ ಸಾಲಿನಿಂದಲೂ ಮಾಡಿಸಿದೆ. ಹಲಗೆಯ ಎಡ ಅರ್ಧಕ್ಕೆ ಕನ್ನಡಿಯನ್ನು ಚಪ್ಪಟೆಯಾಗಿ ಒತ್ತಿ ಹಿಡಿಯುವುದು. ಪ್ರತಿಯೊಬ್ಬರೂ ತಮ್ಮ ಜಾಗದಿಂದ ಕನ್ನಡಿಯಲ್ಲಿ ಏನು ಕಾಣುತ್ತದೆ ಎಂದು ಬರೆಯುವುದು. ಎಡಸಾಲಿನವರಿಗೆ ಬಲಗೋಡೆಯೋ ಬೇರೆ ಮಕ್ಕಳೋ ಕಂಡರು. ಬಲಸಾಲಿನ ಹಿಂದಿನವರಿಗೆ ಕಿಟಕಿ ಕಂಡಿತು. ಕನ್ನಡಿಯಲ್ಲಿ ಕಿಟಕಿ ಕಂಡವರಿಗೇ ಹಲಗೆಯ ಹೊಳಪೂ ಕಾಣುತ್ತದೆ ಎಂಬ ಸಂಬಂಧವನ್ನು ಮಕ್ಕಳು ಹೇಳಿದರು. ನುಣುಪು ಮೇಲ್ಮೈಯಿಂದ ಬೆಳಕು ಒಂದೇ ದಿಕ್ಕಿಗೆ ನಿಯತವಾಗಿ ಪ್ರತಿಫಲಿಸುತ್ತದೆ, ಒರಟು ಮೇಲ್ಮೈಯಿಂದ ಎಲ್ಲ ದಿಕ್ಕಿಗೂ ಚದುರುತ್ತದೆ ಎಂಬ ಪಠ್ಯದ ಅಂಶ ಅವರ ತರಗತಿಯ ಹಲಗೆಯ ಮೇಲೇ ಸಿಕ್ಕಿತು.

ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ ಪಡೆದು ಕಿಟಕಿಯ ಒಂದು ಬಾಗಿಲು ಮುಚ್ಚಿದೆವು, ಸಾಲುಗಳನ್ನು ವಾರಕ್ಕೊಮ್ಮೆ ಬದಲಿಸುವ ಕ್ರಮ ತಂದೆವು. ಆ ವಿದ್ಯಾರ್ಥಿ ಈಗ ಹಲಗೆ ನೋಡಿ ಬರೆದುಕೊಳ್ಳುತ್ತಾನೆ. ಗಣಿತದಲ್ಲಿ ಅವನಿಗಿರುವ ತೊಡಕುಗಳು ಇದರಿಂದ ಮಾಯವಾಗಿಲ್ಲ, ಭಿನ್ನರಾಶಿಯಲ್ಲಿ ಅವನಿಗೆ ಇನ್ನೂ ನೆರವು ಬೇಕು. ಆದರೆ ನೆರವು ಯಾವುದಕ್ಕೆ ಬೇಕು ಎಂಬುದು ಈಗ ಸ್ಪಷ್ಟ. ನಕಲು ಮಾಡುವವನೆಂಬ ಮಾತು ದಾಖಲೆಗೆ ಹೋಗಿದ್ದರೆ, ಅದು ಅವನೊಂದಿಗೆ ಒಂಬತ್ತನೇ ತರಗತಿಗೂ ಹೋಗುತ್ತಿತ್ತು.

ಫೋಟೋ ತೆಗೆಯುವ ಬಗ್ಗೆ ಒಂದು ಮಾತು

ಬೋಧನಾಭ್ಯಾಸದ ವರದಿಗೆ ನಾವೆಲ್ಲರೂ ತರಗತಿಯ ಫೋಟೋ ಅಂಟಿಸುತ್ತೇವೆ. ಸಾಮಾನ್ಯವಾಗಿ ಅವುಗಳ ಮಧ್ಯದಲ್ಲಿ ಚಾರ್ಟ್ ಹಿಡಿದ ಶಿಕ್ಷಕಿ ಇರುತ್ತಾಳೆ, ಮಕ್ಕಳ ಬೆನ್ನು ಅಂಚಿನಲ್ಲಿರುತ್ತದೆ. ಇಲ್ಲವೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮಾದರಿ ಹಿಡಿಸಿರುತ್ತೇವೆ. ಪಾಠ ನಡೆಯಿತು ಎಂಬುದಕ್ಕೆ ಅವು ಸಾಕ್ಷಿ. ಮಗು ಏನು ಮಾಡಿತು ಎಂಬುದು ಅವುಗಳಲ್ಲಿ ಇರುವುದಿಲ್ಲ.

ಲೆವಿಟ್ ಅವರಿಂದ ಇಲ್ಲಿ ಕಲಿಯಬೇಕಾದದ್ದೂ ಇದೆ, ಅವರಿಂದ ಬೇರೆಯಾಗಬೇಕಾದದ್ದೂ ಇದೆ. ಮಗುವಿನ ಕೆಲಸವನ್ನು ನಡುವೆ ಇಡುವುದು ಕಲಿಯಬೇಕಾದದ್ದು. ಗೊತ್ತಾಗದಂತೆ ತೆಗೆಯುವುದು ನಮಗೆ ಸಲ್ಲದು. ಅವರ ಕಾಲದ ಚಿತ್ರ ಗ್ಯಾಲರಿಯ ಗೋಡೆಗೋ ಪುಸ್ತಕಕ್ಕೋ ಹೋಗುತ್ತಿತ್ತು. ನಮ್ಮ ಫೋನಿನ ಚಿತ್ರ ಕ್ಷಣದಲ್ಲಿ ಹತ್ತು ವಾಟ್ಸಾಪ್ ಗುಂಪುಗಳಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೀದಿಯ ಮಗು ಎದ್ದು ಹೋಗಬಹುದು, ತರಗತಿಯ ಮಗು ಎದ್ದು ಹೋಗಲಾರದು.

ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಈ ಸಂದರ್ಭದಲ್ಲಿ ಸಹಪಾಠಿಗಳು ನೋಡಬೇಕೆಂದು ಸೂಚಿಸುತ್ತೇನೆ. ಪದ್ಮಶ್ರೀ ಪುರಸ್ಕೃತರಾದ ಸತ್ಯನ್ ಪತ್ರಿಕಾ ಛಾಯಾಗ್ರಾಹಕರಾಗಿದ್ದರೂ ಅವರ ಒಲವು ಸಾಮಾನ್ಯ ಜನರ ದಿನನಿತ್ಯದ ಬದುಕಿನ ಕಡೆಗಿತ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ನಮ್ಮ ಮಕ್ಕಳಿಗೆ ಪರಿಚಿತವಾದ ಓಣಿ, ಹೊಲ, ಶಾಲೆಗಳನ್ನು ಅವರ ಚಿತ್ರಗಳಿಂದ ಪಾಠಕ್ಕೆ ತರಬಹುದು.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ಚಿತ್ರ ತೋರಿಸಿ ಮೊದಲ ಎರಡು ನಿಮಿಷ ಶಿಕ್ಷಕರು ಮಾತಾಡದಿರುವುದು ಒಳ್ಳೆಯದು. ಮಕ್ಕಳ ಮೊದಲ ಉತ್ತರಕ್ಕೆ ‘ಸರಿ’ ಅಥವಾ ‘ತಪ್ಪು’ ಎನ್ನುವ ಬದಲು ‘ಚಿತ್ರದಲ್ಲಿ ಎಲ್ಲಿ ಕಂಡಿತು?’ ಎಂದು ಕೇಳಿ.

2. ಮೌಲ್ಯಮಾಪನಕ್ಕೆ ಲೆವಿಟ್ ಅವರದೇ ಇನ್ನೊಂದು ಚಿತ್ರ ಬಳಸಬಹುದು. 1945ರ ಸುಮಾರಿನ ಆ ಚಿತ್ರದಲ್ಲಿ ನಾಲ್ವರು ಹುಡುಗಿಯರು ನಡೆದು ಹೋಗುತ್ತಾ, ಗಾಳಿಯಲ್ಲಿ ತೇಲುವ ಸೋಪಿನ ಗುಳ್ಳೆಗಳ ಕಡೆ ತಲೆ ತಿರುಗಿಸಿದ್ದಾರೆ. ಗುಳ್ಳೆ ಊದಿದವರು ಯಾರು ಎಂಬುದಕ್ಕೆ ಮಕ್ಕಳು ಕಂಡದ್ದು, ಊಹಿಸಿದ್ದು ಎರಡನ್ನೂ ಬರೆಯಲಿ.

3. ಕನ್ನಡಿ ಪಟ್ಟಿಗಳ ಅಂಚಿಗೆ ಮೊದಲೇ ಟೇಪ್ ಸುತ್ತಿ. ಡಬ್ಬಿಯನ್ನು ಸೂರ್ಯನ ಕಡೆಗೆ ಹಿಡಿಯಬಾರದೆಂದು ಆವರಣಕ್ಕೆ ಹೋಗುವ ಮೊದಲೇ ಹೇಳಿ.

4. ವಿದ್ಯಾರ್ಥಿ ಅವಲೋಕನ ದಾಖಲೆಯಲ್ಲಿ ಎರಡು ಕಾಲಮ್ಮು ಇಟ್ಟುಕೊಳ್ಳಿ. ಕಂಡದ್ದರಲ್ಲಿ ಕ್ರಿಯಾಪದಗಳಷ್ಟೇ ಇರಲಿ: ನೋಡಿದ, ಬಾಗಿದ, ಬರೆದ, ಕೇಳಿದ. ಗುಣವಾಚಕ ಬಂದರೆ ಅದು ಊಹೆಯ ಕಾಲಮ್ಮಿಗೆ ಹೋಗಲಿ. ಕನಿಷ್ಠ ಒಂದು ಸಲ ಮಗುವಿನ ಜಾಗದಲ್ಲಿ ಕುಳಿತು ಹಲಗೆ ನೋಡಿ.

5. ಫೋಟೋ ಬೇಕಿದ್ದರೆ ಮುಖ್ಯ ಶಿಕ್ಷಕರ ಮತ್ತು ಪೋಷಕರ ಒಪ್ಪಿಗೆ ಪಡೆಯಿರಿ, ಮಗುವನ್ನೂ ಕೇಳಿ, ಮೊದಲು ಮಗುವಿಗೇ ತೋರಿಸಿ. ಬೇಡ ಎಂದರೆ ಅಳಿಸಿ. ಮಗು ಮಾಡಿದ ವಸ್ತುವಿನ ಚಿತ್ರವೂ ವರದಿಗೆ ಸಾಕಾಗುತ್ತದೆ.

ಉಪಸಂಹಾರ

ಈ ಪಾಠಕ್ಕೆ ಹೆಚ್ಚು ಖರ್ಚಿಲ್ಲ. ಚಿತ್ರದ ಪ್ರತಿಗಳು, ಏಳು ಕನ್ನಡಿ ಪಟ್ಟಿಗಳು, ಮಕ್ಕಳು ಮನೆಯಿಂದ ತಂದ ಡಬ್ಬಿಗಳು ಇಷ್ಟೇ. ಸಮಯ ಮಾತ್ರ ಬೇಕು. ಚಿತ್ರದ ಚರ್ಚೆಗೆ ಯೋಜನೆಯಲ್ಲಿ 12 ನಿಮಿಷ ಇಟ್ಟಿದ್ದು 25 ತೆಗೆದುಕೊಂಡಿತು. ಘಟಕ ಮುಗಿಸುವ ಒತ್ತಡವಿದ್ದಾಗ ಇದು ಕಷ್ಟ ಎಂಬುದು ನಿಜ. ಆದರೆ ಆ 25 ನಿಮಿಷಗಳಲ್ಲಿ ಬಿಂಬ ಮತ್ತು ವಸ್ತುವಿನ ವ್ಯತ್ಯಾಸವನ್ನು ಮಕ್ಕಳು ವಾದ ಮಾಡಿ ಗೆದ್ದುಕೊಂಡರು, ಕಿರುಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಮತ್ತೆ ವಿವರಣೆ ಬೇಕಾಗಲಿಲ್ಲ.

ಸಮಾಜ ವಿಜ್ಞಾನ ಮತ್ತು ಭಾಷಾ ವಿಷಯಗಳ ಪ್ರಶಿಕ್ಷಣಾರ್ಥಿಗಳು ಇದೇ ಎರಡು ಕಾಲಮ್ಮಿನ ಪಟ್ಟಿಯನ್ನು ಸಂತೆ, ಜಾತ್ರೆ, ಬಸ್ ನಿಲ್ದಾಣದ ಪಾಠಗಳಲ್ಲಿ ಬಳಸಬಹುದು. ಬಳಸಿದವರು ತಮ್ಮ ತರಗತಿಯ ಮಕ್ಕಳ ದಾಖಲೆಗಳನ್ನು ಹಂಚಿಕೊಂಡರೆ, ಮುಂದಿನ ತಂಡದವರಿಗೆ ಒಂದು ಸಂಗ್ರಹವಾಗುತ್ತದೆ.